ಚೆನ್ನಾಗಿ ಓದುವ ಹುಡುಗಿ

ಶಿಕ್ಷಣ ಇಲಾಖೆಯಿಂದ ಬಂದ ಸಾಹೇಬರು ಕುರ್ಚಿಯನ್ನು ಎಳೆಯಲಿಲ್ಲ, ಎತ್ತಿ ಇಟ್ಟರು. ಪಕ್ಕದ ಕೋಣೆಯಲ್ಲಿ ಪಾಠ ನಡೆಯುತ್ತಿದೆ, ಸದ್ದಾಗಬಾರದು ಎಂದು. ಕೂತ ಮೇಲೆ ಕರವಸ್ತ್ರದಿಂದ ಕೈ ಒರೆಸಿಕೊಂಡು, ಒಂದು ಲೋಟ ಬಿಸಿನೀರು ಸಿಕ್ಕರೆ ಸಾಕು, ಬೇರೇನೂ ಬೇಡ ಎಂದರು. ಗೇಟಿನಿಂದಲೇ ಕೂಗಾಡುತ್ತ ಬರುವ ಅಧಿಕಾರಿಗಳನ್ನು ದೊಡ್ಡ ಟೀಚರ್ ತಮ್ಮ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದರು. ಅಂಥವರನ್ನು ಸಂಭಾಳಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೆ ಈ ಮನುಷ್ಯನ ವಿನಯ ನೋಡಿದರೆ ಅವರಿಗೆ ಭಯವಾಗುತ್ತಿತ್ತು.

ದೊಡ್ಡ ಟೀಚರ್ ಎಂದರೆ ಈ ಶಾಲೆಯ ಹೆಡ್‌ಮೇಡಂ. ಸೇತುವೆಯ ಆಚೆ ಇನ್ನೊಂದು ಸರ್ಕಾರಿ ಶಾಲೆಯಿದೆ. ಅಲ್ಲಿಯ ಹೆಡ್‌ಮೇಡಂ ಇವರ ಒಡಹುಟ್ಟಿದ ತಂಗಿ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ದೊಡ್ಡ ಟೀಚರ್, ಅವರು ಚಿಕ್ಕ ಟೀಚರ್. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಗೆ ಅಕ್ಷರ ತಿದ್ದಿಸಿದವರೂ, ಜಡೆ ಹೆಣೆದವರೂ, ಓದದಿದ್ದಾಗ ಬೆನ್ನಿಗೆ ಗುದ್ದಿದವರೂ ಇವರೇ. ತಂಗಿ ಟೀಚರ್ ಆದದ್ದು ಅಕ್ಕನನ್ನು ನೋಡಿ. ಅದನ್ನು ಆಕೆ ಇಂದಿಗೂ ಕಂಡಕಂಡವರ ಮುಂದೆ ಹೇಳಿಕೊಳ್ಳುತ್ತಾರೆ.

ಶಿಕ್ಷಣ ಇಲಾಖೆಗೆ ಆ ವರ್ಷ ಹೊಸ ಹುಚ್ಚು ಹಿಡಿದಿತ್ತು. ಮೂರನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸುವುದು. ನೂರಕ್ಕೆ ಎಷ್ಟು ಮಂದಿ ತಡವರಿಸದೆ ಓದಿದರು ಎಂದು ನೋಡಿ ಶಾಲೆಗೆ ಅಂಕ ಕೊಡುವುದು. ಅಂಕ ತೀರ ಕಡಿಮೆಯಾದ ಶಾಲೆಯನ್ನು ಮುಚ್ಚಿ, ಅಲ್ಲಿಯ ಮಕ್ಕಳನ್ನು ಹತ್ತಿರದ ಒಳ್ಳೆಯ ಶಾಲೆಗೆ ಸೇರಿಸುವುದು. ಕೇಳಲು ಚೆನ್ನಾಗಿಯೇ ಇತ್ತು. ಓದಲಾರದ ಮಗು ಯಾಕೆ ಓದಲಾರದು ಎಂದು ವಿಚಾರಿಸುವ ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ. ದೊಡ್ಡ ಟೀಚರ್ ಶಾಲೆಗೆ ಬರುವುದು ಇಟ್ಟಿಗೆ ಭಟ್ಟಿಯ ಕೂಲಿಗಳ ಮಕ್ಕಳು. ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಇನ್ನೆಲ್ಲೋ. ಶಾಲೆ ಮುಚ್ಚಿದರೆ ಅವರು ಸೇತುವೆ ದಾಟಿ ಓದಲು ಹೋಗುವುದು ಸುಳ್ಳು, ನೇರ ಭಟ್ಟಿಗೇ ಇಳಿಯುತ್ತಾರೆ. ಆ ಭಯಕ್ಕೆ ದೊಡ್ಡ ಟೀಚರ್ ಪರೀಕ್ಷೆಯ ದಿನ ಒಂದು ಕೆಲಸ ಮಾಡಿಬಿಟ್ಟಿದ್ದರು.

ಅದು ಫಲಿಸಿತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಫಲಿಸಿತು. ಸುತ್ತಲಿನ ಶಾಲೆಗಳಲ್ಲೆಲ್ಲ ಇವರದೇ ಮೊದಲು ಬಂತು. ಕೊನೆಗೆ ಬಂದದ್ದು ಚಿಕ್ಕ ಟೀಚರ್ ಶಾಲೆ. ಹತ್ತಿರದಲ್ಲಿ ಒಳ್ಳೆಯ ಶಾಲೆ ಇಲ್ಲದಿದ್ದರೆ ಯಾವ ಶಾಲೆಯನ್ನೂ ಮುಚ್ಚುವಂತಿರಲಿಲ್ಲ. ಆ ಒಳ್ಳೆಯ ಶಾಲೆಯನ್ನು ಅಕ್ಕನೇ ತಯಾರು ಮಾಡಿ ಕೊಟ್ಟಂತಾಗಿತ್ತು.

ಹಿಂದಿನ ಸಂಜೆ ತಂಗಿ ಫೋನು ಮಾಡಿದ್ದರು. ಅತ್ತು ಮುಗಿಸಿದ ಮೇಲಿನ ದನಿ ಅದು. ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೆ?

"ಅಕ್ಕಾ, ನನಗೆ ಹೊಟ್ಟೆಕಿಚ್ಚೇನಿಲ್ಲ ಕಣೇ. ನಿನ್ನ ಮಕ್ಕಳು ಅಷ್ಟು ಚೆನ್ನಾಗಿ ಹೇಗೆ ಓದಿದ್ರು ಅಂತ ಒಂಚೂರು ಹೇಳ್ಕೊಡು. ನಾನೇ ಏನೋ ತಪ್ಪು ಮಾಡ್ತಿದೀನಿ. ಇಷ್ಟು ವರ್ಷ ನನ್ನಿಂದ ಎಷ್ಟು ಮಕ್ಕಳು ಹಾಳಾದ್ವೋ ಏನೋ."

ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ದೊಡ್ಡ ಟೀಚರ್ ಫೋನಿಟ್ಟಿದ್ದರು. ಆಮೇಲೆ ಆರಿದ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ತಾನೇ ಕೈಹಿಡಿದು ಅಕ್ಷರ ಬರೆಸಿದ ಹುಡುಗಿ, ತನಗೆ ಪಾಠ ಮಾಡಲು ಬರುವುದಿಲ್ಲ ಎಂದುಕೊಂಡು ಅಳುತ್ತಿದ್ದಾಳೆ. ಅದನ್ನು ಹೊತ್ತುಕೊಂಡು ಬದುಕುವುದು ತನ್ನಿಂದಾಗದು ಅನ್ನಿಸಿತು. ಸಾಹೇಬರು ನಾಳೆ ಬರುತ್ತಾರೆ, ಎಲ್ಲ ಹೇಳಿಬಿಡಬೇಕು. ಕೆಲಸ ಹೋದರೆ ಹೋಗಲಿ, ಪಿಂಚಣಿ ನಿಂತರೆ ನಿಲ್ಲಲಿ. ತಂಗಿಯ ಶಾಲೆ ಉಳಿಯಲಿ.

ಜವಾನ ಬಿಸಿನೀರು ತಂದಿಟ್ಟು ಹೋದ. ದೊಡ್ಡ ಟೀಚರ್ ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಸಾರ್, ಒಂದು ವಿಷಯ ಹೇಳ್ಬೇಕಿತ್ತು."

"ಹೇಳಿ ಮೇಡಂ. ನನಗೇನು ಅವಸರ ಇಲ್ಲ."

"ಆವತ್ತಿನ ಪರೀಕ್ಷೆ ನಿಜವಾದ್ದಲ್ಲ ಸಾರ್. ಮೂರನೇ ತರಗತೀಲಿ ಇರೋದೇ ನಾಲ್ಕು ಮಕ್ಕಳು, ಸರಾಗವಾಗಿ ಓದೋಕೆ ಬರೋದು ಒಬ್ಬಳಿಗೇ. ಭಟ್ಟಿ ಕಾವಲುಗಾರನ ಮಗಳು, ಅವರು ವರ್ಷಪೂರ್ತಿ ಇಲ್ಲೇ ಇರ್ತಾರೆ. ಓದೋಕೆ ಬರದ ಮಕ್ಕಳನ್ನ ಮನೇಲಿ ಇರಿಸಿ, ಅವರ ಹೆಸರಲ್ಲಿ ಇವಳನ್ನೇ ಕಳಿಸಿದೆ. ಸ್ವೆಟರ್ ಬದಲಾಯಿಸಿ, ಜಡೆ ಬಿಚ್ಚಿ. ಪರೀಕ್ಷೆ ಮಾಡೋಕೆ ನಿಮ್ಮ ಜೊತೆ ಬಂದಿದ್ದ ಟೀಚರ್ ಹೊಸಬಳು, ತಲೆ ಎತ್ತಿ ನೋಡ್ಲೇ ಇಲ್ಲ. ತಪ್ಪೆಲ್ಲ ನಂದು."

ಹೇಳಿದ ಮೇಲೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದರು. ಆಗಲಿಲ್ಲ. ಸಾಹೇಬರು ಬಿಸಿನೀರನ್ನು ಊದಿ ಊದಿ ಕುಡಿಯುತ್ತಿದ್ದರು.

"ನಾಲ್ಕು ಸಲ," ಎಂದರು.

"ಸಾರ್?"

"ನಾಲ್ಕು ಸಲ ಬಂದ್ಲು. ಮೂರನೇ ಸಲ ಕನ್ನಡಕ ಹಾಕ್ಕೊಂಡಿದ್ಲು. ದೊಡ್ಡೋರ ಕನ್ನಡಕ, ಮೂಗಿಂದ ಜಾರ್ತಾ ಇತ್ತು. ಪಾಪ, ಒಂದು ಕೈಯಲ್ಲಿ ಅದನ್ನ ಹಿಡ್ಕೊಂಡೇ ಓದಿದ್ಲು. ನಿಮ್ಮದೇ ಅಲ್ವಾ?"

ದೊಡ್ಡ ಟೀಚರ್ ಕೈ ತಾನಾಗಿ ಮುಖದ ಮೇಲಿನ ಕನ್ನಡಕಕ್ಕೆ ಹೋಯಿತು. ಆವತ್ತು ಈ ಮನುಷ್ಯ ಕೋಣೆಯ ಮೂಲೆಯಲ್ಲಿ ಮುಖಕ್ಕೆ ಪೇಪರು ಅಡ್ಡ ಹಿಡಿದು ಕೂತಿದ್ದರು. ಸಾಹೇಬರ ನಿದ್ದೆ ನಮ್ಮ ಶಾಲೆ ಉಳಿಸಿತು ಎಂದು ಆಮೇಲೆ ಟೀಚರುಗಳೆಲ್ಲ ಬಿದ್ದುಬಿದ್ದು ನಕ್ಕಿದ್ದರು. ಇವರೂ ನಕ್ಕಿದ್ದರು.

"ನೋಡಿಯೂ ಸುಮ್ಮನಿದ್ರಾ?"

"ಹಿಡಿದು ಏನ್ ಮಾಡ್ಲಿ ಹೇಳಿ? ನಿಮ್ಮನ್ನ ಮನೆಗೆ ಕಳಿಸಿದ್ರೆ ನನ್ನ ಲೆಕ್ಕಕ್ಕೆ ಇನ್ನೊಂದು ಕೆಟ್ಟ ಶಾಲೆ. ಮೇಲಿನೋರು ಕೇಳ್ತಿರೋದು ಒಳ್ಳೇ ಶಾಲೆ. ನಿಮ್ಮದನ್ನ ತೋರಿಸಿದೆ, ಅವರಿಗೆ ಖುಷಿಯಾಯ್ತು. ಬರೋ ವರ್ಷ ಎಲ್ಲಾ ಶಾಲೆಗೂ ನಿಮ್ಮ ಅಂಕನೇ ಗುರಿ."

"ಅಷ್ಟು ಯಾರಿಗೂ ಆಗಲ್ಲ ಸಾರ್. ನಮಗೇ ಆಗಿಲ್ಲ."

"ಆಗುತ್ತೆ. ನೀವು ಹೇಳ್ಕೊಡ್ತೀರಲ್ಲ. ಟೀಚರ್‌ಗಳ ತರಬೇತಿ ಇನ್ಮೇಲೆ ನಿಮ್ಮಲ್ಲೇ."

ಅವರು ತಮಾಷೆ ಮಾಡುತ್ತಿರಬಹುದೇ ಎಂದು ದೊಡ್ಡ ಟೀಚರ್ ಮುಖ ನೋಡಿದರು. ತಮಾಷೆಯ ಸುಳಿವೇ ಇರಲಿಲ್ಲ. ಮಗಳ ಮದುವೆಗೆ ಕರೆಯಲು ಬಂದವರ ಹಾಗೆ ಸಾಹೇಬರು ಮೇಜಿನ ಮೇಲೆ ಎರಡೂ ಕೈ ಜೋಡಿಸಿಕೊಂಡು ಕೂತಿದ್ದರು.

"ನಾನು ಬರೆದು ಕೊಡ್ತೀನಿ. ತಪ್ಪು ಮಾಡಿದೀನಿ ಅಂತ ಸಹಿ ಹಾಕಿ ಕೊಡ್ತೀನಿ."

"ಯಾರಿಗೆ ಕೊಡ್ತೀರಿ ಮೇಡಂ? ಬರೆದದ್ದು ಕೊನೆಗೆ ನನ್ನ ಮೇಜಿಗೇ ಬರೋದು. ಸುಮ್ಮನೆ ಯಾಕೆ ತೊಂದರೆ? ಈಗ ಬಾಯಲ್ಲೇ ಹೇಳಿದ್ರಲ್ಲ, ಕೇಳಿಸ್ಕೊಂಡೆ."

"ಸೇತುವೆ ಆಚೆ ಇರೋದು ನನ್ನ ತಂಗಿ ಸಾರ್. ಅವಳು ಒಂದು ಮಗುವಿಗೂ ಸುಳ್ಳು ಅಂಕ ಹಾಕಿದೋಳಲ್ಲ."

"ಗೊತ್ತು. ಅದೇ ಕಷ್ಟ ಆಗಿರೋದು ನೋಡಿ." ಸಾಹೇಬರಿಗೆ ನಿಜಕ್ಕೂ ಬೇಸರವಾದಂತಿತ್ತು. "ಒಳ್ಳೆ ಹೆಣ್ಣುಮಗಳು. ಹಾಗಾಗೇ ದೂರ ಎಲ್ಲೂ ಹಾಕಲಿಲ್ಲ, ನಿಮ್ಮ ಕೈಕೆಳಗೇ ಹಾಕಿಸಿದೀನಿ. ನಿಮ್ಮ ಜೊತೆ ಇದ್ರೆ ಕಲೀತಾರೆ. ಹತ್ತು ಗಂಟೆಗೆ ಮಕ್ಕಳನ್ನ ಕರ್ಕೊಂಡು ಇಲ್ಲಿಗೇ ಬನ್ನಿ ಅಂದಿದೀನಿ."

"ಇವತ್ತೇ?"

"ಒಳ್ಳೇ ಕೆಲಸಕ್ಕೆ ತಡ ಯಾಕೆ? ಅಷ್ಟರಲ್ಲಿ ಆ ಹುಡುಗೀನ ಕರೆಸಿ ಮೇಡಂ. ಒಂದು ಸಲ ಎದುರಿಗೆ ಕೂರಿಸ್ಕೊಂಡು ಕೇಳ್ಬೇಕು ಅಂತ ಆಸೆ."

ಕರೆಸುವುದಿಲ್ಲ ಎನ್ನಬೇಕೆಂದು ದೊಡ್ಡ ಟೀಚರ್‌ಗೆ ಅನ್ನಿಸಿತು. ಎದ್ದು ಹೋಗಿಬಿಡಬೇಕು ಎಂದೂ ಅನ್ನಿಸಿತು. ಆದರೆ ಇಷ್ಟು ವರ್ಷ ಮೇಲಿನವರು ಹೇಳಿದ್ದಕ್ಕೆಲ್ಲ ಸರಿ ಸಾರ್ ಎಂದ ಬಾಯಿ ಅದು. ಜವಾನನನ್ನು ಕೂಗಿತು.

ಕಾವಲುಗಾರನ ಮಗಳು ಬಂದಳು. ಎಣ್ಣೆ ಹಚ್ಚಿದ ತಲೆ, ಒಂದು ಗುಂಡಿ ಹೋದ ಸ್ವೆಟರು, ಕಾಲಲ್ಲಿ ಭಟ್ಟಿಯ ಕೆಂಪು ಧೂಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಸೆಟೆದು ನಿಂತಳು. ಪರೀಕ್ಷೆಯ ದಿನ ಹೀಗೆ ನಿಲ್ಲಬೇಕು ಎಂದು ಹೇಳಿಕೊಟ್ಟವರು ದೊಡ್ಡ ಟೀಚರೇ. ಸಾಹೇಬರು ಪಠ್ಯಪುಸ್ತಕ ತೆರೆದು ಅವಳ ಕೈಗೆ ಕೊಟ್ಟರು. ಹುಡುಗಿ ಓದಿದಳು. ಎಷ್ಟು ಚೆಂದವಾಗಿ ಓದಿದಳೆಂದರೆ, ಆ ಸಂಕಟದ ನಡುವೆಯೂ ದೊಡ್ಡ ಟೀಚರ್‌ಗೆ ಒಂದು ಗಳಿಗೆ ಹೆಮ್ಮೆಯಾಯಿತು. ಹೆಮ್ಮೆಯಾಯಿತಲ್ಲ ಎಂದು ಮರುಗಳಿಗೆಗೆ ನಾಚಿಕೆಯಾಯಿತು.

"ಭೇಷ್," ಎಂದರು ಸಾಹೇಬರು. "ಆಚೆ ಶಾಲೆ ಮಕ್ಕಳೂ ಬಂದ ಮೇಲೆ ಇವಳಿಗೆ ಕೆಲಸ ಜಾಸ್ತಿ. ಚೆನ್ನಾಗಿ ನೋಡ್ಕೊಳ್ಳಿ ಮೇಡಂ."

ಹೊರಗೆ ಗೇಟು ಕಿರುಗುಟ್ಟಿತು. ಅಂಗಳದ ತುಂಬ ಚೀಲ ಹೊತ್ತ ಮಕ್ಕಳು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗುಂಪುಗೂಡಿದರು. ಚಿಕ್ಕ ಟೀಚರ್ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು, ಕಣ್ಣು ಊದಿತ್ತು. ಸಾಹೇಬರಿಗೆ ನಮಸ್ಕಾರ ಮಾಡಿದರು. ಅಕ್ಕನತ್ತ ತಿರುಗಿ ನಕ್ಕರು. ಆ ನಗುವಿನಲ್ಲಿ ಎಳ್ಳಷ್ಟೂ ಮುನಿಸಿರಲಿಲ್ಲ; ದೊಡ್ಡ ಟೀಚರ್‌ಗೆ ಅದನ್ನು ನೋಡಲಾಗಲಿಲ್ಲ.

"ಹೊರಗಡೆ ತನಕ ಕೇಳಿಸ್ತಿತ್ತು ಅಕ್ಕಾ. ಓದಿದ್ದು ಇವಳೇನಾ?"

ಮಗು ಕಂಡರೆ ಚಿಕ್ಕ ಟೀಚರ್‌ಗೆ ಉಳಿದದ್ದೆಲ್ಲ ಮರೆಯುತ್ತದೆ. ಬಗ್ಗಿ ಹುಡುಗಿಯ ತಲೆಯ ಮೇಲೆ ಕೈಯಿಟ್ಟರು.

"ಎಷ್ಟು ಚೆನ್ನಾಗಿ ಓದ್ತೀಯಲ್ಲೇ ಪುಟ್ಟಿ. ನಿನ್ನ ಹೆಸರೇನು?"

ಹುಡುಗಿ ಒಮ್ಮೆ ಅವರ ಮುಖ ನೋಡಿದಳು. ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಂದೆ ಕಟ್ಟಿಕೊಂಡು ದೊಡ್ಡ ಟೀಚರ್ ಕಡೆ ತಿರುಗಿದಳು.

"ಇವತ್ತು ಯಾರ ಹೆಸರು ಹೇಳ್ಲಿ ಮಿಸ್?"

ಚಿಕ್ಕ ಟೀಚರ್ ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಕೈ ಇನ್ನೂ ಮಗುವಿನ ತಲೆಯ ಮೇಲಿತ್ತು. ಅಂಗಳದಲ್ಲಿ ಸೇತುವೆಯಾಚೆಯ ಮಕ್ಕಳು, ಯಾರೂ ಹೇಳದಿದ್ದರೂ, ಗಿಡ್ಡವರು ಮುಂದೆ ಉದ್ದದವರು ಹಿಂದೆ ಸಾಲುಗಟ್ಟಿ ನಿಂತಿದ್ದರು. ಹುಡುಗಿ ಕಾಯುತ್ತಿದ್ದಳು.