ಮಂಗಳವಾರ ಹತ್ತರಿಂದ ಹನ್ನೆರಡು

ಗಣಿತದ ಮೊದಲ ಪರೀಕ್ಷೆಯಲ್ಲಿ ನೆಲಿದಾಳಿಗೆ ಇಪ್ಪತ್ತಕ್ಕೆ ಐದು ಬಂದಿತ್ತು. ಅದನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳದೆ ಒಂಬತ್ತು ದಿನ ದೊಡ್ಡಮ್ಮ ಫೋರ್ತುನಾತಾಳ ಎದುರು ಕೂತು ಸೂಪು ಕುಡಿದಳು. ಹತ್ತನೆಯ ದಿನ, ಸೋಮವಾರ ಬೆಳಿಗ್ಗೆ, ಬಟ್ಟೆಬರೆಯನ್ನೆಲ್ಲ ಕಂಬಳಿಯಲ್ಲಿ ಗಂಟು ಕಟ್ಟಿ ಒಲೆಮನೆಗೆ ಬಂದಳು.

"ದೊಡ್ಡಮ್ಮ, ನಾನು ಊರಿಗೆ ಹೋಗ್ತೀನಿ. ಯೂನಿವರ್ಸಿಟಿ ನನಗಾಗಲ್ಲ."

ಫೋರ್ತುನಾತಾ ಉದ್ದ ಹಿಡಿಯ ಮರದ ಸಲಿಕೆಯಿಂದ ಗೂಡೊಲೆಯೊಳಗಿನ ಚಾಪ್ಲಾ ರೊಟ್ಟಿಗಳನ್ನು ಎಳೆಯುತ್ತಿದ್ದಳು. ವಾಮಾಂಗ ಪಟ್ಟಣದ ಆ ಬೀದಿಗೆಲ್ಲ ಅವಳದೇ ರೊಟ್ಟಿ.

"ಯಾಕೆ?"

"ಸುಮ್ನೆ."

"ಸುಮ್ನೆ ಅಂದ್ರೆ? ಹೊಟ್ಟೆನೋವಾ? ಯಾರಾದ್ರೂ ಏನಾದ್ರೂ ಅಂದ್ರಾ? ಯಾವನಾದ್ರೂ ಹುಡುಗನಾ?"

"ಇಲ್ಲ."

"ಮತ್ತೇನೇ ಮಾರಾಯ್ತಿ? ಬಾಯಲ್ಲಿ ಬೇಯಿಸಿದ ಜೋಳ ತುಂಬ್ಕೊಂಡಿದೀಯಾ?"

ಹುಡುಗಿ ನೆಲ ನೋಡಿದಳು. ಫೋರ್ತುನಾತಾಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ತಂಗಿಯ ಮಗಳು ಬಂದು ಎರಡು ತಿಂಗಳು. ಎರಡು ತಿಂಗಳಿಂದಲೂ ಹೀಗೇ. ಮಧ್ಯಾಹ್ನ ಬಂದವಳೇ ಮೇಜಿನ ಮುಂದೆ ಕೂತು, ಮೇಷ್ಟ್ರು ಹೇಳಿದ್ದನ್ನೆಲ್ಲ ಇನ್ನೊಂದು ನೋಟ್‌ಬುಕ್ಕಿಗೆ ಚೆಂದ ಮಾಡಿ ಇಳಿಸುವುದು. ತಲೆಬರಹ ಕೆಂಪು ಪೆನ್ನಿನಲ್ಲಿ, ಉಳಿದದ್ದು ನೀಲಿಯಲ್ಲಿ, ಗೆರೆಗಳೆಲ್ಲ ಸ್ಕೇಲಿಟ್ಟು. ಊರಿನ ಶಾಲೆಯಲ್ಲಿ ಅಂಥ ನೋಟ್‌ಬುಕ್ಕಿಗೆ ಇಪ್ಪತ್ತಕ್ಕೆ ಇಪ್ಪತ್ತು ಸಿಗುತ್ತಿತ್ತು. ಇಲ್ಲಿ ಅದನ್ನು ಯಾರೂ ತೆರೆದು ಕೂಡ ನೋಡುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಸಿಲ್ದಾ ರೊಟ್ಟಿಗೆಂದು ಬಂದಳು. ಇಪ್ಪತ್ತೆರಡು ವರ್ಷದಿಂದ ಅವಳು ಯೂನಿವರ್ಸಿಟಿಯ ಊಟದ ಮನೆಯಲ್ಲಿ ಬಡಿಸುವವಳು. ಗಂಟು ನೋಡಿದಳು, ಹುಡುಗಿಯ ಮುಖ ನೋಡಿದಳು.

"ಎಷ್ಟು ಬಂತೇ?"

"ಐದು."

"ಅಷ್ಟೇನಾ! ಮೂರು ತಗೊಂಡವರು ಎರಡೆರಡು ಸಲ ಸೂಪು ಹಾಕಿಸ್ಕೊಂಡು ನಗ್ತಾ ಕೂತಿರ್ತಾರೆ. ಮೇಷ್ಟ್ರನ್ನ ಕೇಳಿದ್ಯಾ?"

"ಏನಂತ ಕೇಳ್ಲಿ? ನೂರಿಪ್ಪತ್ತು ಜನರ ಮುಂದೆ?"

"ಕೇಳೋದೇನು ಬಂತು?" ಎಂದು ಫೋರ್ತುನಾತಾ ಸಲಿಕೆಯನ್ನು ನೆಲಕ್ಕೆ ಕುಟ್ಟಿದಳು. "ನಮ್ಮ ಕಾಲದಲ್ಲಿ ಕೇಳಿದ್ರೆ ಗೆಣ್ಣಿಗೆ ಕೋಲು ಬೀಳ್ತಿತ್ತು. ದೊಡ್ಡವರ ಮುಂದೆ ತಲೆ ತಗ್ಗಿಸಿ ಕೂರೋದೇ ಮರ್ಯಾದೆ. ಆಗಲ್ಲ ಅಂದ್ರೆ ಹೋಗ್ಲಿ ಬಿಡು. ನನ್ನ ಮಗ ಅಬ್ದೋನನೂ ಅಲ್ಲೇ ಓದಿದ್ದು. ಏನು ಸಿಕ್ತು?"

"ಮನೇಲಿ ತಲೆ ತಗ್ಸು ಅಂತ ಕಲಿಸ್ತೀರಿ, ಅಲ್ಲಿಗೆ ಕಳಿಸ್ತೀರಿ," ಎಂದಳು ಕಸಿಲ್ದಾ. " ಅಲ್ಲಿ ಸುಮ್ಮನೆ ಕೂತ್ರೆ ಎಲ್ಲ ತಿಳೀತು ಅಂದ್ಕೊಂಡು ಮುಂದಕ್ಕೆ ಹೋಗ್ತಾರೆ ಕಣೆ! ಒಬ್ಬೊಬ್ಬ ಮೇಷ್ಟ್ರೂ ವಾರಕ್ಕೆ ಎರಡು ಗಂಟೆ ಮಕ್ಕಳ ಅನುಮಾನಕ್ಕೆ ಅಂತಲೇ ಕೋಣೇಲಿ ಕೂತಿರ್ತಾರೆ. ಬಾಗಿಲ ಮೇಲೆ ವೇಳೆ ಬರೆದು ಅಂಟಿಸಿರ್ತಾರೆ. ಗುರುವಾರ ಲೈಬ್ರರೀಲಿ ದೊಡ್ಡ ಕ್ಲಾಸಿನ ಹುಡುಗರು ಹೊಸಬರಿಗೆ ಪಾಠ ಹೇಳ್ಕೊಡ್ತಾರೆ. ಒಂದು ಕಾಸು ತಗೊಳಲ್ಲ."

"ಸೂಪು ಬಡಿಸೋಳಿಗೆ ಇದೆಲ್ಲ ಹೇಗೆ ಗೊತ್ತು?"

"ಸೂಪು ಬಡಿಸೋಳಿಗೇ ಗೊತ್ತಾಗೋದು. ಯಾರು ಒಬ್ಬರೇ ಕೂರ್ತಾರೆ, ಯಾರು ತಟ್ಟೆ ಹಾಗೇ ಬಿಟ್ಟು ಏಳ್ತಾರೆ ಅಂತ." ಕಸಿಲ್ದಾ ದನಿ ತಗ್ಗಿಸಿದಳು. "ನಿನ್ನ ಮಗ ಕಂಬದ ಹಿಂದಿನ ಮೇಜಲ್ಲಿ ವರ್ಷಪೂರ್ತಿ ಒಬ್ಬನೇ ಉಂಡ. ನಾನೂ ಯಾಕಪ್ಪ ಅಂತ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಒಲೆಯೊಳಗೆ ಒಂದು ರೊಟ್ಟಿ ಕರಕಾಗುತ್ತಿತ್ತು. ಅಬ್ದೋನ್ ಮೊದಲ ವರ್ಷವೇ ಓದು ಬಿಟ್ಟು, ಯಾರಿಗೂ ಕಾರಣ ಹೇಳದೆ, ಕಾಡಿನ ಕಡೆ ಚಿನ್ನ ತೊಳೆಯುವ ಕೂಲಿಗೆ ಹೋಗಿದ್ದ. ಅಲ್ಲಿ ಗುಡ್ಡ ಜರಿದು ಅವನ ಮೇಲೆ ಬಿತ್ತು. ಅಂದಿನಿಂದ ಪ್ರತಿ ಸೋಮವಾರ, ಸತ್ತವರನ್ನು ನೆನೆಯುವ ದಿನ, ಫೋರ್ತುನಾತಾ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ ದೇವರಲ್ಲಿ ಕೇಳುತ್ತಿದ್ದುದು ಒಂದೇ ಮಾತು: ಅವನು ನನಗೇಕೆ ಹೇಳಲಿಲ್ಲ?

ಅವಳು ಮೂಗೊರೆಸಿಕೊಂಡು ಹುಡುಗಿಯ ಕಡೆ ತಿರುಗಿದಳು. "ಗಂಟು ಹಾಗೇ ಇರ್ಲಿ. ನಿಮ್ಮ ಗಣಿತದ ಮೇಷ್ಟ್ರು ಯಾವತ್ತು ಕೂರೋದು?"

"ಮಂಗಳವಾರ. ಹತ್ತರಿಂದ ಹನ್ನೆರಡು."

"ಗೊತ್ತಿತ್ತಾ ನಿನಗೆ!"

"ಬಾಗಿಲ ಮೇಲೆ ಓದಿದೀನಿ. ಅದನ್ನೂ ಬರ್ಕೊಂಡಿದೀನಿ."

"ಅಯ್ಯೋ ದೇವರೇ! ನಾಳೆ ಹೋಗೋಣ. ಅವರು ಬೈದು ಕಳಿಸಿದ್ರೆ ಅಲ್ಲಿಂದಲೇ ಬಸ್ಸು ಹತ್ತಿಸ್ತೀನಿ."

ಮರುದಿನ ಫೋರ್ತುನಾತಾ ಭಾನುವಾರದ ಟೋಪಿ, ಶಾಲು ಹಾಕಿಕೊಂಡು ಮುಂದೆ ನಡೆದಳು. ಗಂಟು ಹೊತ್ತ ನೆಲಿದಾ ನಾಲ್ಕು ಹೆಜ್ಜೆ ಹಿಂದೆ. ದಾರಿ ಗೊತ್ತಿದ್ದ ಹುಡುಗಿಯನ್ನು ಕೇಳದೆ ದೊಡ್ಡಮ್ಮ ನುಗ್ಗಿದ್ದರಿಂದ ಎರಡು ಸಲ ಬೇರೆ ಕಟ್ಟಡಕ್ಕೆ ಹೋಗಿ ಬಂದರು. ಇನ್ನೂರ ಎಂಟನೆಯ ಬಾಗಿಲ ಪಕ್ಕದಲ್ಲಿ ಇನ್ನೂರ ಹದಿನಾಲ್ಕು ಇತ್ತು.

"ಲೆಕ್ಕ ಕಲಿಸೋರ ಮನೇಲೇ ಎಣಿಸೋಕೆ ಬರಲ್ಲ!" ಎಂದು ಗೊಣಗುತ್ತಲೇ ಅವಳು ಬಾಗಿಲು ತಟ್ಟಿದಳು.

ಮೇಷ್ಟ್ರು ಸಾಮಾನೆಸ್ ಒಬ್ಬರೇ ಕೂತು ಪತ್ರಿಕೆಯ ಪದಬಂಧ ತುಂಬುತ್ತಿದ್ದರು.

"ಸ್ವಾಮಿ, ಈ ಹುಡುಗಿಗೆ ನಿಮ್ಮ ಪಾಠ ಒಂದಕ್ಷರ ತಿಳೀತಿಲ್ಲ. ಬೈಯೋದಿದ್ರೆ ಈಗ್ಲೇ ಬೈದ್ಬಿಡಿ. ಹನ್ನೊಂದೂವರೆಗೆ ಬಸ್ಸಿದೆ."

ಅವರು ಪೆನ್ನು ಕೆಳಗೆಸೆದರು. "ಬೈಯೋದು ಇದೆ ತಾಯಿ! ತಿಳೀಲಿಲ್ಲ ಅಂತಲ್ಲ, ಇಷ್ಟು ದಿನ ಬರ್ಲಿಲ್ಲ ಅಂತ. ನೂರಿಪ್ಪತ್ತರಲ್ಲಿ ಎಪ್ಪತ್ತು ಜನ ಫೇಲು. ಏಳು ವಾರದಿಂದ ಬಾಗಿಲು ತೆರೆದು ಕೂತಿದೀನಿ. ಒಳಗೆ ಬಂದವರು ನೀವೇ ಮೊದಲು. ಇನ್ನೆಷ್ಟು ಪದಬಂಧ ತುಂಬಲಿ ನಾನು?"

ನೆಲಿದಾ ನೋಟ್‌ಬುಕ್ಕು ಮುಂದಿಟ್ಟಳು. ಅವರು ಹಾಳೆ ತಿರುವಿ ನೋಡಿದರು.

"ಇಷ್ಟು ಚೆಂದದ್ದು ನನ್ನ ಹತ್ರವೂ ಇಲ್ಲಮ್ಮ. ಇದರಲ್ಲಿ ನೀನಾಗಿ ಬಿಡಿಸಿದ ಲೆಕ್ಕ ಯಾವುದು?"

ಒಂದೂ ಇರಲಿಲ್ಲ. ಹುಡುಗಿಯ ಕಿವಿ ಕೆಂಪಾಯಿತು. ಮೆಲ್ಲಗೆ ಹೇಳಿದಳು: "ಭಿನ್ನರಾಶಿಯಲ್ಲಿ... ಕೆಳಗೆ ಅಕ್ಷರ ಬಂದ್ರೆ ಕೂಡೋದು ಹೇಗೆ ಅಂತ ನನಗೆ ಗೊತ್ತಿಲ್ಲ. ಆ ವರ್ಷ ನಮ್ಮೂರ ಮೇಷ್ಟ್ರು ಅರ್ಧದಲ್ಲೇ ವರ್ಗ ಆಗಿ ಹೋದ್ರು."

"ಇಷ್ಟೇನಾ? ಇದನ್ನ ಹೇಳೋಕೆ ಎರಡು ತಿಂಗಳು ಬೇಕಾಯ್ತಾ? ತಗೋ ಪೆನ್ಸಿಲು. ತಪ್ಪು ಮಾಡು. ಬೇಗ ಬೇಗ ಮಾಡು."

ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ ಸರಿ ಬಂತು. ಹೊರಗಿನ ಬೆಂಚಿನಲ್ಲಿ ಜಪಸರ ಹಿಡಿದು ಕೂತಿದ್ದ ಫೋರ್ತುನಾತಾಳಿಗೆ ಒಳಗಿನಿಂದ ಮೇಷ್ಟ್ರ ಗದರಿಕೆ ಕೇಳಿತು. ಆಮೇಲೆ ನೆಲಿದಾ ಅವರಿಗೆ ಎದುರುತ್ತರ ಕೊಡುವುದೂ ಕೇಳಿತು. ಈ ಹುಡುಗಿಗೆ ಇಷ್ಟು ದನಿಯಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹನ್ನೊಂದೂವರೆಯ ಬಸ್ಸು ಹೋಯಿತು.

ಗುರುವಾರ ನೆಲಿದಾ ಲೈಬ್ರರಿಗೆ ಹೋದಳು. ಭಿನ್ನರಾಶಿ ಬಾರದವರು ಅಲ್ಲಿ ಇನ್ನೂ ಎಂಟು ಜನ ಇದ್ದರು. ಅವರಲ್ಲಿ ಇಬ್ಬರು ಹುಡುಗಿಯರ ಜೊತೆ ಅವಳು ಮಧ್ಯಾಹ್ನದ ಊಟಕ್ಕೆ ಕೂರತೊಡಗಿದಳು. ಎರಡನೆಯ ಪರೀಕ್ಷೆಯಲ್ಲಿ ಹನ್ನೊಂದು ಬಂತು. ಪಾಸಾಗಲು ಬೇಕಾದದ್ದೇ ಹನ್ನೊಂದು, ಒಂದೂ ಹೆಚ್ಚಿಲ್ಲ. ಆದರೆ ಅದನ್ನು ಅವಳು ಚೀಲ ಕೆಳಗಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದಳು.

"ಇನ್ನೆರಡು ಬಂದಿದ್ರೆ ಏನು ಗಂಟು ಹೋಗ್ತಿತ್ತು?" ಎಂದು ಗದರಿದ ಫೋರ್ತುನಾತಾ, ಹುಡುಗಿಯ ತಲೆಯನ್ನು ಹಿಟ್ಟಿನ ಕೈಯಲ್ಲೇ ಎದೆಗೊತ್ತಿಕೊಂಡಳು.

ಹೊಸದಾಗಿ ಕಾಲೇಜು ಸೇರಿದ ಮಕ್ಕಳೇ, ತಿಳಿಯದ್ದನ್ನು ತಿಳಿಯಲಿಲ್ಲ ಎನ್ನುವುದು ಅವಮಾನವಲ್ಲ. ಅದಕ್ಕೆಂದೇ ಅಲ್ಲಿ ಒಬ್ಬರು ಕೂತಿರುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ, ಮೊದಲ ವಾರವೇ ಅವರ ಬಾಗಿಲು ಹುಡುಕಿಕೊಳ್ಳಿ. ಮನೆಯ ಹಿರಿಯರೇ, ಎಷ್ಟು ಅಂಕ ಬಂತು ಎನ್ನುವ ಮೊದಲು ಊಟಕ್ಕೆ ಯಾರ ಜೊತೆ ಕೂತೆ, ಯಾರನ್ನು ಏನು ಕೇಳಿದೆ ಎಂದು ವಿಚಾರಿಸಿ. ಮಗು ಮಾತಾಡದಿದ್ದರೆ ದಣಿದಿರಬೇಕು ಎಂದುಕೊಂಡು ನೀವೂ ಸುಮ್ಮನಾಗಬೇಡಿ. ಮತ್ತೆ ಕೇಳಿ. ಬೇಸರಪಟ್ಟುಕೊಂಡರೂ ಕೇಳಿ. ಮಗು ಇನ್ನೂ ನಿಮ್ಮ ಎದುರಿಗೆ ಕೂತಿರುವಾಗಲೇ ಕೇಳಿ.