ಎಕ್ಕದ ಪಕ್ಕದ ಬೋರಲು ಎಲೆ

ಕ್ಯಾಸಿನೊ ಮೇಜಿನ ಹಸಿರು ಬಟ್ಟೆಯ ಮೇಲೆ ಬೆಳಕು ಎಷ್ಟು ಮೆತ್ತಗೆ ಬಿದ್ದಿದೆ, ಸಮುದ್ರದ ತಳದಲ್ಲಿ ನಿಂತ ಹಾಗಿದೆ, ಇಸ್ಪೀಟೆಲೆಗಳು ನನ್ನ ಬೆರಳಿನಿಂದ ತಾವೇ ತೇಲಿ ಹೋಗುತ್ತಿವೆ, ಎದುರು ಕೂತ ಮುದುಕಿ ಸಿತ್ತ್ ವದಾದ್‌ಗೆ ಒಂದು, ನನಗೊಂದು, ಅವರಿಗೆ ಇನ್ನೊಂದು, ನನಗೆ ಬೋರಲಾಗಿ ಒಂದು — ಅರೆ, ಮುದುಕಿಗೆ ಎಕ್ಕ, ರಾಣಿ, ಹನ್ನೊಂದು ಮತ್ತು ಹತ್ತು, ಕೂತ ಕೈಗೇ ಇಪ್ಪತ್ತೊಂದು, ಆದರೆ ನನ್ನ ಮುಂದೆಯೂ ಆಟೀನ್ ಎಕ್ಕ, ಅದರ ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಎಲೆ, ಮುಖ ಮುಚ್ಚಿಕೊಂಡ — ಬೆಳಿಗ್ಗೆ ಡಾಕ್ಟರ ಪರದೆಯ ಮೇಲೂ ಹಾಗೇ, ಬೂದು ನೀರಿನಲ್ಲಿ ನಮ್ಮ ಮಗು, ಮುಖಕ್ಕೆ ಅಡ್ಡ ಒಂದು ಅಂಗೈ, ಹಿಯಾಮ್ ಮಲಗಿದ್ದಲ್ಲೇ ನಕ್ಕುಬಿಟ್ಟಳು, ನೋಡೋ ಘಸ್ಸಾನ್, ಈಗ್ಲೇ ಅಪ್ಪನ ಬುದ್ಧಿ, ಎಲೆ ತೋರ್ಸಲ್ಲ ಅಂತಿದೆ. ಡಾಕ್ಟರ್ ನಗಲಿಲ್ಲ, ನಲವತ್ತೊಂದನೇ ವಯಸ್ಸಿನ ಬಸಿರು ನೋಡಿ, ಬೇಕಿದ್ರೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದು ಮಗು ಸರಿ ಇದೆಯಾ ಅಂತ ಪರೀಕ್ಷೆ ಮಾಡಬಹುದು, ಕಡ್ಡಾಯ ಏನಿಲ್ಲ, ಸಂಜೆಯೊಳಗೆ ಹೇಳಿ. ಕಡ್ಡಾಯ ಏನಿಲ್ಲ! ಅದು ನನ್ನ ಮಾತಲ್ಲವಾ, ದಿನವಿಡೀ ಈ ಮೇಜಿನ ಹಿಂದೆ ನಿಂತು ನಾನು ಮಾರುವ ಮಾತು, ಜೋಡಿ ಮೇಲೆ ಹಾಕ್ತೀರಾ, ಇನ್ಶುರೆನ್ಸ್ ಬೇಕಾ, ಕಡ್ಡಾಯ ಏನಿಲ್ಲ ಮೇಡಂ, ನಿಮ್ಮಿಷ್ಟ — ಜೋಡಿ ಬಂದರೆ ಹನ್ನೊಂದು ಪಟ್ಟು ಅಂದರೆ ಬಾಯಲ್ಲಿ ನೀರೂರುತ್ತದೆ, ಬರುವುದು ಹದಿಮೂರು ಹದಿನಾಲ್ಕು ಕೈಗೊಮ್ಮೆ, ಇನ್ಶುರೆನ್ಸಿಗೆ, ಅಂದರೆ ನನಗೆ ಇಪ್ಪತ್ತೊಂದು ಬರುತ್ತದೆ ಅಂತ ಕಟ್ಟುವ ಪಣಕ್ಕೆ, ಎರಡು ಪಟ್ಟು, ಹಾಗಾದರೆ ಮೂರು ಸಲಕ್ಕೊಮ್ಮೆಯಾದರೂ ನನ್ನ ಬೋರಲೆಲೆ ಹತ್ತರ ಬೆಲೆಯದಾಗಬೇಕು, ಹದಿಮೂರು ತರದ ಎಲೆಗಳಲ್ಲಿ ಅಂಥವು ನಾಲ್ಕೇ ನಾಲ್ಕು, ಎಲ್ಲಿಂದ ಬರಬೇಕು, ಆ ಸಣ್ಣ ಸಂದಿಯ ಮೇಲೆಯೇ ಈ ಕಟ್ಟಡ, ಈ ದೀಪದ ಗೊಂಚಲು, ನನ್ನ ಅನ್ನ ಎಲ್ಲ ನಿಂತಿದೆ, ಆದರೂ ಜನ ತಗೊಳ್ಳುತ್ತಾರೆ, ಹೆದರಿಕೆಗೆ ಲೆಕ್ಕ ಬರುವುದಿಲ್ಲ. ನನಗೆ ಬರುತ್ತದಲ್ಲ, ಮಗುವಿಗೆ ತೊಂದರೆ ಇರುವುದು ಎಂಬತ್ತರಲ್ಲೊಂದು, ಸೂಜಿಯಿಂದಲೇ ಮಗು ಕೈತಪ್ಪುವುದು ಮುನ್ನೂರರಲ್ಲೊಂದು, ಲೆಕ್ಕ ನೋಡಿದರೆ ಸೂಜಿಯೇ ಸರಿ, ಸರಿ ತಾನೆ, ಆದರೆ ಇವೆರಡನ್ನು ಒಂದೇ ತಕ್ಕಡಿಗೆ ಹಾಕಿದವರು ಯಾರು, ಕಡಲ ದಾರಿಯಲ್ಲಿ ಕಾರು ಸಾಗುವಾಗ ಹಿಯಾಮ್ ಹಸಿ ಬಾದಾಮಿಯನ್ನು ಉಪ್ಪಿಗದ್ದಿ ಕಡಿಯುತ್ತಾ, ಸೂಜಿ ಏನ್ ಬೇಕಾದ್ರೂ ಹೇಳ್ಲಿ, ನಾನೀ ಮಗೂನ ಬಿಡಲ್ಲಪ್ಪ, ಆದ್ರೂ ನೀನೇ ಹೇಳು, ಲೆಕ್ಕ ನಿಂದು, ಹೊಟ್ಟೆ ನಂದು, ಅಂದಳು, ಕಾರಿನ ತುಂಬ ಆ ಹಸಿರು ಹುಳಿ ವಾಸನೆ —

ಏನೋ, ನಿದ್ದೆನಾ? ಸಿತ್ತ್ ವದಾದ್ ಉಗುರಿನಿಂದ ಬಟ್ಟೆ ಕುಟ್ಟುತ್ತಿದ್ದಾರೆ, ನನ್ನ ಕೈ ಅಭ್ಯಾಸದಂತೆ ಮೇಜಿನ ಅಗಲಕ್ಕೂ ಸವರಿಕೊಂಡು ಹೋಗುತ್ತದೆ, ಸಮ ತಗೋತೀರಾ ಮೇಡಂ, ಇದೂ ಇನ್ಶುರೆನ್ಸೇ, ಹಾಕಿದಷ್ಟು ಲಾಭ ಈಗ್ಲೇ ಕೊಡ್ತೀನಿ, ನನ್ನ ಎಲೆ ಏನೇ ಆಗಿರ್ಲಿ, ಇಲ್ಲಾಂದ್ರೆ ಗೆದ್ದರೆ ಒಂದೂವರೆ ಪಟ್ಟು, ನನಗೂ ಇಪ್ಪತ್ತೊಂದು ಬಂದ್ರೆ ಲಾಭ ಸೊನ್ನೆ. ನೀನಾಗಿದ್ರೆ ಏನ್ ಮಾಡ್ತಿದ್ದೆ ಮಗನೇ? ನಾನು ಹೇಳುವ ಹಾಗಿಲ್ಲ, ತಲೆಯ ಮೇಲೆ ಕ್ಯಾಮೆರಾ ಇದೆ, ಅವರಿಗೂ ಗೊತ್ತು, ಆದರೂ ಬೈಯುತ್ತಾರೆ, ಥೂ, ಗೋಡೆ ಹತ್ರ ಕೇಳಿದಂಗಾಯ್ತು, ಬೇಡ ಹೋಗೋ ನಿನ್ನ ಸಮ, ಕೆಟ್ಟ ಎಲೆ ಬಂತು ಅಂತ ಎದ್ದು ಹೋಗ್ತೀನಾ ನಾನು? ಇಲ್ಲೇ ಕೂತಿರೋಳು ತಾನೆ, ಮತ್ತೆ ಯಾವ ಸೀಮೆ ಇನ್ಶುರೆನ್ಸು, ತಿರುಗ್ಸು. ಎದ್ದು ಹೋಗ್ತೀನಾ ನಾನು — ಹಿಯಾಮ್ ಅದನ್ನೇ ಅಲ್ಲವಾ ಹೇಳಿದ್ದು, ಬಾದಾಮಿ ಕಡಿಯುತ್ತಾ, ಅವಳು ಎದ್ದು ಹೋಗುವವಳಲ್ಲ, ಹಾಗಿದ್ದರೆ ಸೂಜಿ ಬೇಕಾಗಿದ್ದು ಯಾರಿಗೆ, ನನಗೆ, ನನ್ನೊಬ್ಬನಿಗೆ. ತಿರುಗಿಸುತ್ತೇನೆ, ಕಳಾವರ್ ರಾಜ, ಇಬ್ಬರಿಗೂ ಇಪ್ಪತ್ತೊಂದು, ಲಾಭ ಸೊನ್ನೆ, ಮುದುಕಿ ಬಾಯಿ ತುಂಬ ನಗುತ್ತಾರೆ, ಅತಿಥಿಯನ್ನು ಕಂಡ ಹಾಗೆ, ಬಂದ್ಯೇನಪ್ಪಾ ರಾಜ, ಬಾ, ಕೂತ್ಕೋ. ಹಿಂದಿನಿಂದ ಯಾರೋ ಭುಜ ತಟ್ಟುತ್ತಾರೆ, ನನ್ನ ಪಾಳಿ ಮುಗಿಯಿತು, ಚಪ್ಪಾಳೆ ತಟ್ಟಿ ಎರಡೂ ಅಂಗೈಗಳನ್ನು ಕ್ಯಾಮೆರಾದ ಕಡೆಗೆ ಹೊರಳಿಸುತ್ತೇನೆ, ನೋಡಿಕೋ, ಏನೂ ಅಡಗಿಸಿಲ್ಲ, ಫೋನು ಒಳಗೆ ಬೀರುವಿನಲ್ಲಿದೆ, ಹೇಳುತ್ತೇನೆ ಹಿಯಾಮ್, ಸೂಜಿ ಬೇಡ, ಯಾರೇ ಬರಲಿ, ಬಾ ಕೂತ್ಕೋ ಅನ್ನೋಣ, ನನ್ನ ಅಂಗೈ ಇಷ್ಟಗಲ, ಬೆಳಕಿನಲ್ಲಿ ಬರಿದಾಗಿ, ಮಗುವಿನದು ಬಾದಾಮಿಯಷ್ಟೂ ಇಲ್ಲ, ಬೂದು ನೀರಿನಲ್ಲಿ, ಮುಖಕ್ಕೆ ಅಡ್ಡ, ಆ ಅಂಗೈ —