ಉಕ್ಕುವುದಕ್ಕೆ ಜಾಗ

ಗಂಗಾಧರಸ್ವಾಮಿ ತೀರಿಕೊಂಡ ಮೇಲೆ ಅವರ ದನಿ ಎಂದು ಮನೆಯಲ್ಲಿ ಉಳಿದದ್ದು ಒಂದೇ ಒಂದು ಕ್ಯಾಸೆಟ್. ಅದರ ಟೇಪೋ, ಹಳೇ ಹಪ್ಪಳ, ಮುಟ್ಟಿದರೆ ಮುರಿಯುವಂತಿತ್ತು. ಇನ್ನೊಂದು ಸಲ ಓಡಿದರೆ ಅದೇ ಪುಣ್ಯ ಎಂದು ಮೈಸೂರಿನ ರಿಪೇರಿಯವನು ಕೈಮುಗಿದಿದ್ದ. ಆ ಒಂದು ಸಲದಲ್ಲೇ ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ತಪ್ಪಿದರೆ ಅವರ ದನಿಯೂ ಹೋದಂತೆಯೇ.

ಅವರ ಹೆಂಡತಿ ಸರ್ವಮಂಗಳಾ ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲ. ನಂಜನಗೂಡಿನ ಮೀಟರ್ ಕಾರ್ಖಾನೆಯೊಂದರಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಆಂಪ್ಲಿಫೈಯರ್ ಬೋರ್ಡು ಮಾಡಿದವರು. ಅವಳಿಗೆ ಬೆಸುಗೆ ಹಾಕಲು ಕಲಿಸಿದವರೂ ಅವರೇ. ಈಗ ಊಟದ ಮೇಜನ್ನೇ ಬೆಂಚು ಮಾಡಿಕೊಂಡಳು. ಪ್ಲೇಯರಿನಿಂದ ಬರುವ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಲು ಒಂದು ಆಂಪ್ಲಿಫೈಯರ್, ಅದನ್ನು ಅಂಕಿಗಳಾಗಿ ಬದಲಿಸಲು ಒಂದು ಕನ್ವರ್ಟರ್.

ಬೇರೊಂದು ಕ್ಯಾಸೆಟ್ ಹಾಕಿ ನೋಡಿದರೆ ಹಾಡಿಗಿಂತ ಮೊದಲು ಗುಂಯ್ ಎನ್ನುವ ಸದ್ದು. ಅವಳಿಗೆ ತನ್ನ ಮೇಲೇ ರೇಗಿತು. "ಎರಡು ಕಡೆ ಅರ್ತು, ಇಡೀ ಸರ್ಕ್ಯೂಟು ಅನರ್ಥ" ಎಂದು ಅವರು ಸಾವಿರ ಸಲ ಗೊಣಗಿದ್ದರಲ್ಲ! ಅರ್ತಿನ, ಅಂದರೆ ಭೂಸಂಪರ್ಕದ, ತಂತಿಗಳನ್ನೆಲ್ಲ ಒಂದೇ ಕಡೆ ತಂದು ಸೇರಿಸಿದಳು. ದೂರದಲ್ಲಿದ್ದ ಕೆಪಾಸಿಟರನ್ನು ಕಿತ್ತು ಐಸಿ ಚಿಪ್ಪಿನ ಕಾಲಿನ ಪಕ್ಕದಲ್ಲೇ ಕೂರಿಸಿದಳು. ಸದ್ದು ಅಡಗಿತು. ಬೈಯುವುದಕ್ಕೆ ಅವರಿಲ್ಲವಲ್ಲ ಎಂದು ಸಂಕಟವಾಯಿತು.

ಉಳಿದದ್ದು ಗೇಯ್ನ್, ಅಂದರೆ ದನಿಯನ್ನು ಎಷ್ಟು ಪಟ್ಟು ಹೆಚ್ಚಿಸಬೇಕು ಎನ್ನುವುದು. ಕಡಿಮೆಯಾದರೆ ದನಿ ಕನ್ವರ್ಟರಿನ ಸ್ವಂತ ಗೊರಗೊರದಲ್ಲಿ ಮುಳುಗುತ್ತದೆ. ಹೆಚ್ಚಾದರೆ, ಮಿತಿ ದಾಟಿದ ದನಿಯ ತಲೆಯನ್ನು ಕನ್ವರ್ಟರ್ ಕಚಕ್ಕನೆ ಕತ್ತರಿಸುತ್ತದೆ. ಆಮೇಲೆ ಯಾವ ದೇವರು ಬಂದರೂ ಅಂಟಿಸಲಾರ. ಅವರ ಮೆತ್ತನೆಯ ಮಾತನ್ನು ನೆನೆದು ಸರ್ವಮಂಗಳಾ ಗೇಯ್ನನ್ನು ಜೋರಾಗಿಯೇ ಇಟ್ಟಳು; ಬೇರೆ ಕ್ಯಾಸೆಟ್ಟಿನ ಹಾಡು ಮನೆ ತುಂಬ ಮೊಳಗಿತು.

ಮೂಗೂರಿನಿಂದ ಬಂದಿದ್ದ ನಾದಿನಿ ಚನ್ನಾಜಮ್ಮ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು. "ಯಾಕತ್ಗೆ ಅಷ್ಟೊಂದು ಜೋರು?" ಎಂದಳು.

"ನಿಮ್ಮಣ್ಣ ಮೆತ್ತಗೆ ಮಾತಾಡ್ತಿದ್ರಲ್ಲ."

"ಯಾರು, ನಮ್ಮಣ್ಣನಾ? ಸತ್ತ ಎಮ್ಮೆಗೆ ಅತ್ತು ಸೇರು ಆಲು ಕಣತ್ಗೆ! ಅವ್ನು ಇಲ್ಲಿ ಕೂಗುದ್ರೆ ಮೂಗೂರಲ್ಲಿ ದನ ಬೆದರ್ತಿದ್ದೊ. ಅನ್ನದ ಪಾತ್ರೆಗೆ ಕಂಠಮಟ್ಟ ನೀರು ಉಯ್ತೀರಾ? ಉಕ್ಕಕ್ಕೆ ಒಸಿ ಜಾಗ ಬುಡಿ."

ಸರ್ವಮಂಗಳಾಗೆ ನಾಚಿಕೆಯಾಯಿತು. ಇಷ್ಟು ದಿನದ ದುಃಖ ಆ ಗಂಡಸಿನ ದನಿಯನ್ನೇ ತಗ್ಗಿಸಿಬಿಟ್ಟಿತ್ತು. ರೆಸಿಸ್ಟರ್ ಬದಲಿಸಿ, ಗೇಯ್ನನ್ನು ಅರ್ಧಕ್ಕಿಳಿಸಿ, ಅವರ ಕ್ಯಾಸೆಟ್ ಹಾಕಿ ಪ್ಲೇಯರಿನ ಗುಂಡಿ ಒತ್ತಿದಳು.

"ಮಂಗಳಾ, ಮೈಕ್ ಹತ್ರ ನಿಂತು ಏನಾದ್ರೂ ಮಾತಾಡೇ!"

ಅವರೇ. ಜೋರು ದನಿಯೇ, ಆದರೆ ಒಳಕೋಣೆಯಿಂದ ಬಂದದ್ದು; ಕಂಪ್ಯೂಟರಿನ ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಗೆರೆ ಅರ್ಧಕ್ಕೂ ಏರಲಿಲ್ಲ. "ಏನಂತ ಮಾತಾಡ್ಲಿ?" ಎಂದು ಮೈಕಿನ ಹತ್ತಿರವೇ ಒಬ್ಬ ಹುಡುಗಿ ಕೇಳಿದಳು, ಕೇಳಿ ಗೊಳ್ಳೆಂದು ನಕ್ಕಳು. ಗೆರೆ ಸರ್ರನೆ ಮೇಲೇರಿ ಮಿತಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು. ಆ ಹುಡುಗಿ ತಾನೇ ಎಂದು ತಿಳಿಯಲು ಸರ್ವಮಂಗಳಾಗೆ ಒಂದು ಗಳಿಗೆ ಬೇಕಾಯಿತು.

"ನಗು, ನಗು, ನಿಲ್ಲಿಸ್ಬೇಡ," ಎಂದಿತು ಟೇಪಿನಲ್ಲಿ ಅವರ ದನಿ. "ನಿನ್ನ ನಗು ನೋಡ್ಕೊಂಡೇ ಗೇಯ್ನ್ ಇಡ್ತಿದೀನಿ."

ಟೇಪು ಅಲ್ಲಿಗೆ ಕಟ್ಟಾಯಿತು. ಅಷ್ಟೂ ಮಾತು ಕಂಪ್ಯೂಟರಿಗೆ ಇಳಿದಾಗಿತ್ತು.

ಚನ್ನಾಜಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. "ಅಯ್ಯೋ ಸಿವನೇ, ಈ ನಗ್ವ ಇಷ್ಟು ದಿನ ಎಲ್ಲಿ ಮಡಗಿದ್ರಿ ಅತ್ಗೆ?"

ಸರ್ವಮಂಗಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರತ್ರಾನೇ ಇತ್ತು ಕಣೇ," ಎಂದಳು.